ಝೆರಾಕ್ಸ್ ಎಲ್ಲಿ?

ಕೀಲಿಗೊಂಚಲು ಇದು, ನಿಬಾಲ್ದೊ. ಉದ್ದನೆಯದು ಹಿಂಬಾಗಿಲಿಗೆ.
ಹೀಟರು ಕೈಕೊಟ್ಟರೆ ಎಡಮಗ್ಗುಲಿಗೊಂದು ಗುದ್ದು, ಸಾಕು.
ಕುರ್ಚಿಯ ಒಂದು ಕಾಲು ಮೋಟು,
ಕೂತು ಕೂತು ಅಭ್ಯಾಸವಾಗುತ್ತದೆ.

ಇನ್ನೊಂದಿದೆ. ಅದನ್ನು ಪಟ್ಟಿಯಲ್ಲಿ ಬರೆದಿಲ್ಲ.

ಹದಿನಾಲ್ಕು ವರ್ಷ ಈ ಬಾಗಿಲಲ್ಲಿ ಕೂತೆ,
ಮನಸ್ಸಿಗೆ ಹುಷಾರಿಲ್ಲ, ಯಾವ ಕೋಣೆಗೆ ಹೋಗಲಿ
ಎಂದು ಒಬ್ಬರೂ ಬಾಯಿಬಿಟ್ಟು ಕೇಳಿದ್ದಿಲ್ಲ.
ಝೆರಾಕ್ಸ್ ಎಲ್ಲಿ, ಅನ್ನುತ್ತಾರೆ.
ಕೈ ನೋಡು: ಒಂದು ಹಾಳೆಯೂ ಇರುವುದಿಲ್ಲ.

ಎರಡನೇ ಮಹಡಿ, ಎಡಕ್ಕೆ. ಯಂತ್ರದ ಪಕ್ಕದ್ದೇ ಆ ಬಾಗಿಲು.
ಫಲಕದ ಮೇಲೆ ಮಾರುದ್ದದ ಹೆಸರು,
ಓದಿ ಮುಗಿಸುವುದರೊಳಗೆ
ಬಂದ ಧೈರ್ಯ ಮೆಟ್ಟಿಲಿಳಿದಿರುತ್ತದೆ.

ಆಪ್ತಸಮಾಲೋಚಕಿ ಬರುವುದು ಸೋಮವಾರ, ಗುರುವಾರ.
ಸರದಿಗೆ ಐದು ವಾರ ಕಾಯಬೇಕು.
ಐದು ವಾರ! ಹಲ್ಲುನೋವಿಗೂ ಅಷ್ಟು ತಾಳ್ಮೆ ಇರುವುದಿಲ್ಲ.
ಹಾಗಾಗಿ ಮೊದಲು ನರ್ಸ್ ಎಲ್ಸೀರಾ ಹತ್ತಿರ ಕಳಿಸು,
ಆಕೆಗೆ ಚೀಟಿ ಬೇಡ, ಸರದಿ ಬೇಡ,
ತಲೆನೋವು ಅಂದರಾಯಿತು. ಸುಳ್ಳೇನಲ್ಲವಲ್ಲ.
ರಕ್ತದೊತ್ತಡ ನೋಡಲು ಪಟ್ಟಿ ಬಿಗಿಯುತ್ತಾ
ಕೊನೆಯ ಸಲ ನಿದ್ದೆ ಬಂದದ್ದು ಯಾವಾಗ ಎಂದು ಕೇಳುತ್ತಾಳೆ.
ತೋಳು ಸಿಕ್ಕಿಹಾಕಿಕೊಂಡವರು ಓಡುವುದಾದರೂ ಎಲ್ಲಿಗೆ?
ರಾತ್ರಿ ಹೊತ್ತಿನ ಸಹಾಯದ ನಂಬರು ಮೇಜಿನ ಗಾಜಿನಡಿ ಇದೆ.
ಅದರ ಮೇಲೆ ಚಹಾದ ಲೋಟ ಇಡಬೇಡ.

ನೀನು ಇಕೀಕೆಯ ಮರಳಿನವನು,
ನಮ್ಮ ಪುಂತಾ ಅರೇನಾಸಿನ ಗಾಳಿ ನಿನಗೆ ಹೊಸದು.
ಅದು ರೊಚ್ಚಿಗೆದ್ದ ದಿನ ಚೌಕದ ಮೂಲೆಗೆ ಹಗ್ಗ ಕಟ್ಟುತ್ತಾರೆ,
ಬ್ಯಾಂಕಿನ ಮ್ಯಾನೇಜರನೂ ಟೋಪಿಯನ್ನು ಕಂಕುಳಿಗೆ ತುರುಕಿ
ಹಗ್ಗ ಹಿಡಿದೇ ರಸ್ತೆ ದಾಟುತ್ತಾನೆ.
ಇವನಿಗೆ ನಡೆಯಲು ಬಾರದು ಎಂದು ಯಾರೂ ಆಡಿಕೊಳ್ಳುವುದಿಲ್ಲ.
ಎರಡನೇ ಮಹಡಿಗೆ ಮಾತ್ರ
ಹಗ್ಗ ಕಟ್ಟುವುದು ಯಾರಿಗೂ ಹೊಳೆದಿಲ್ಲ.

ಯಾಸ್ನಾ ಎಂಬ ಹುಡುಗಿ. ಜಲಸಂಧಿಯ ಆಚೆ, ಪೋರ್ವೆನೀರಿನವಳು.
ಅಪ್ಪ ಏಡಿ ಹಿಡಿಯುವ ದೋಣಿಯಲ್ಲಿ.
ಒಂದೇ ವಾರದಲ್ಲಿ ಎರಡು ಸಲ ಝೆರಾಕ್ಸ್ ಕೇಳಿದಳು,
ಎರಡು ಸಲವೂ ಮೆಟ್ಟಿಲ ತಿರುವಿನ ತನಕ ಹೋಗಿ
ಬಿಚ್ಚದ ಶೂ ಲೇಸನ್ನು ಕಟ್ಟಿಕೊಂಡು ಇಳಿದುಬಂದಳು.
ಮೂರನೆಯ ಸಲ ಹಾಜರಿ ಪುಸ್ತಕದಿಂದ ಹಾಳೆಯೊಂದನ್ನು ಕಿತ್ತು ಕೊಟ್ಟೆ:
ಮಗಳೇ, ಮಂಡಿ ನೋವು, ನನಗೊಂದು ಪ್ರತಿ ತಂದುಕೊಡುತ್ತೀಯಾ?

ಕೆಲಸವಿದ್ದವರಂತೆ ಹತ್ತಿದಳು.
ಐವತ್ತು ನಿಮಿಷ ಬರಲಿಲ್ಲ.
ಇಳಿದಾಗ ಮೂಗು ಕೆಂಪು, ಹಾಳೆ ಬೆವರಿಗೆ ಮುದುಡಿತ್ತು.
ಯಂತ್ರ ಕೆಟ್ಟಿದೆ, ದೊನ್ ಎವರಿಸ್ತೊ, ಅಂದಳು.
ಹೌದೇ, ಅಂದೆ.
ಮಾರ್ಚ್ ತಿಂಗಳಿಂದಲೇ ಕೆಟ್ಟಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ದೊಡ್ಡಮನುಷ್ಯನಾಗಿಬಿಡುತ್ತೇನೆ.
ಇನ್ನೊಬ್ಬನಿದ್ದ. ಬೂದು ಜಾಕೆಟ್ಟು, ಹೆಸರು ಕೇಳಲಿಲ್ಲ.
ರೇಡಿಯೋದಲ್ಲಿ ಪಂದ್ಯ, ಪೆನಾಲ್ಟಿ ಹೊಡೆಯುವ ಹೊತ್ತು.
ಝೆರಾಕ್ಸ್ ಎಲ್ಲಿ, ಅಂದ.
ತಲೆ ಎತ್ತದೆ, ಎದುರಂಗಡಿಯಲ್ಲಿ ಅಗ್ಗ, ಅಂದುಬಿಟ್ಟೆ.
ಥ್ಯಾಂಕ್ಸ್ ಹೇಳಿ ಹೋದ.
ಗಾಳಿಗೆ ಬಾಗಿಲು ತಾನಾಗಿ ಬಡಿದುಕೊಂಡಿತು.
ಮತ್ತೆ ಕಾಣಲಿಲ್ಲ. ಊರಿಗೆ ಹೋಗಿರಬಹುದು, ಕಾಲೇಜು ಬದಲಿಸಿರಬಹುದು,
ಇರಬಹುದು.
ಬೂದು ಜಾಕೆಟ್ಟು ಕಂಡಲ್ಲೆಲ್ಲ ಮುಂದೆ ಹೋಗಿ ಮುಖ ನೋಡುತ್ತೇನೆ.
ಈ ಊರಲ್ಲಿ ಎಷ್ಟೊಂದು ಬೂದು ಜಾಕೆಟ್ಟುಗಳು.

ಅದಕ್ಕೇ ರೇಡಿಯೋ ಮನೆಗೆ ಒಯ್ಯುತ್ತಿದ್ದೇನೆ, ಬೇಜಾರಾಗಬೇಡ.
ಮೇಲಿನ ಡ್ರಾಯರಿನಲ್ಲಿ ಖಾಲಿ ಹಾಳೆಗಳಿವೆ.
ಮಂಡಿ ನೋವು ಅನ್ನಲು ನಿನ್ನದಿನ್ನೂ ಸಣ್ಣ ವಯಸ್ಸು,
ಬೇರೆ ಏನಾದರೂ ನೆಪ ಹುಡುಕಿಕೋ.
ಮತ್ತೆ, ಯಂತ್ರ ರಿಪೇರಿಯವನು ಬಂದರೆ
ನಾಳೆ ಬಾ ಅನ್ನು.